ಇನ್ನಾಸಪ್ಪನವರ ಒಂದು ಓಟು

ಇನ್ನಾಸಪ್ಪನವರಿಗೆ ನಡೆಯುತ್ತ ಯೋಚಿಸುವುದು ಬರುತ್ತಿರಲಿಲ್ಲ. ಚಾಮರಾಜನಗರದ ರೈಲ್ವೆ ಸ್ಟೇಷನ್ನಿನ ಕಡೆಯಿಂದ ಪೇಟೆಗೆ ಹೊರಟವರು, ತಲೆಯೊಳಗೆ ಏನಾದರೊಂದು ಪ್ರಶ್ನೆ ಸುಳಿದ ಕೂಡಲೇ ರಸ್ತೆಯ ನಡುವೆಯೇ ನಿಂತುಬಿಡುತ್ತಿದ್ದರು. ಅದಕ್ಕೊಂದು ಉತ್ತರ ಹೊಳೆದ ಮೇಲೆ, ಅಥವಾ ಹೊಳೆಯುವುದಿಲ್ಲವೆಂಬುದು ಖಚಿತವಾದ ಮೇಲೆ, ಎಡಗಾಲನ್ನು ಮುಂದಿಟ್ಟು ಮತ್ತೆ ಹೊರಡುತ್ತಿದ್ದರು. ಹಿಂದಿನಿಂದ ಬಂದ ಎತ್ತಿನ ಗಾಡಿಯವನು ಗದರಿದರೆ ತಬ್ಬಿಬ್ಬಾಗಿ ಎತ್ತುಗಳಿಗೇ ಕೈಮುಗಿಯುತ್ತಿದ್ದರು. ಊರಿನ ಅರ್ಧ ಜನ ಅವರಿಗೆ ಕಾಲುನೋವೆಂದು ತಿಳಿದಿದ್ದರು. ಇನ್ನರ್ಧ ಜನ, ಪಾಪ, ಹೆಂಡತಿ ತೀರಿಕೊಂಡ ಮೇಲೆ ಹೀಗಾದರು ಎನ್ನುತ್ತಿದ್ದರು. ಎರಡೂ ನಿಜವಲ್ಲ. ಮದುವೆಯ ದಿನ ಕ್ರೈಸ್ತರ ಗುಡಿಯ ಬಾಗಿಲಿನಿಂದ ಪೀಠದವರೆಗಿನ ಇಪ್ಪತ್ತು ಹೆಜ್ಜೆಗಳಲ್ಲಿಯೇ ಅವರು ಎರಡು ಸಲ ನಿಂತಿದ್ದರೆಂದು ಹೆಂಡತಿ ಲೂರ್ದಮ್ಮ, ಬದುಕಿರುವವರೆಗೂ, ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಕಸುಬಿನಿಂದ ಅವರು ಮರಗೆಲಸದ ಮೇಸ್ತ್ರಿ. ತಿಂಗಳಿಗೊಮ್ಮೆ ಮಾತ್ರ ಮೈಸೂರಿನಿಂದ ಪಾದ್ರಿ ಸ್ವಾಮಿಯವರು ಬಂದು ಪೂಜೆ ಮಾಡಿ ಹೋಗುತ್ತಿದ್ದ ಆ ಪುಟ್ಟ ಹೆಂಚಿನ ಗುಡಿಗೆ ಮಿಕ್ಕ ದಿನಗಳಲ್ಲೆಲ್ಲ ಅವರೇ ಉಪದೇಶಿ. ಗಂಟೆ ಹೊಡೆಯುವವರು ಅವರು, ಜಪ ಹೇಳಿಸುವವರು ಅವರು; ಗುಡಿಯ ಸಭೆಯವರಲ್ಲಿ ಯಾರಾದರೂ ಕಣ್ಣುಮುಚ್ಚಿದರೆ ಹಲಗೆ ಕೊಯ್ದು ಶವದ ಪೆಟ್ಟಿಗೆ ಮಾಡುವವರೂ ಅವರೇ, ಆ ಪೆಟ್ಟಿಗೆಯ ಮುಂದೆ ನಿಂತು ಕಡೆಯ ಪ್ರಾರ್ಥನೆ ಹೇಳುವವರೂ ಅವರೇ. ಹಿಂದೊಮ್ಮೆ ಅಲ್ಲಿದ್ದ ಫ್ರೆಂಚ್ ಸ್ವಾಮಿಯವರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಕೊಟ್ಟುಹೋಗಿದ್ದ ಕಪ್ಪು ಕೋಟೊಂದು ಬೇಸಿಗೆಯಲ್ಲಿಯೂ ಅವರ ಮೈಮೇಲಿರುತ್ತಿತ್ತು. ಅದು ಆರಡಿಯ ಆಳಿನ ಕೋಟು. ಇವರದು ಐದಡಿಗೂ ಎರಡಂಗುಲ ಕಡಿಮೆಯ ದೇಹ. ತೋಳನ್ನು ಮೂರು ಮಡಿಕೆ ಮಡಿಸಿರುತ್ತಿದ್ದರು, ಆ ಮಡಿಕೆಗಳ ತುಂಬ ಮರದ ಪುಡಿ. ಕತ್ತರಿಸಿ ಹೊಲಿಸಿಕೊಳ್ಳಬಾರದೇ ಎಂದು ಯಾರಾದರೂ ಕೇಳಿದರೆ, "ಕತ್ತರ್ಸ್ಬುಟ್ಟ ಮ್ಯಾಲ ಮತ್ತ ಉದ್ದ ಬೇಕು ಅಂದ್ರ ಬಂದದಾ?" ಎನ್ನುತ್ತಿದ್ದರು. ಹಿಂದಕ್ಕೆ ಪಡೆಯಲಾಗದ ಯಾವ ಕೆಲಸಕ್ಕೂ ಅವರ ಕೈ ಸಲೀಸಾಗಿ ಏಳುತ್ತಿರಲಿಲ್ಲ. ಹಲಗೆಯ ಮೇಲೆ ಗರಗಸವಿಡುವ ಮುನ್ನ ಮೂರು ಸಲ ಅಳೆದು, ಗರಗಸವಿಟ್ಟ ಮೇಲೆ "ತಡೀರಿ, ಇನ್ನೊಂದ್ಸಲ ಅಳ್ಯನ" ಎಂದು ಮತ್ತೆ ಎತ್ತಿಬಿಡುತ್ತಿದ್ದರು. ಮರದ ಮಂಡಿಯ ಗೌಸ್ ಮೊಹಿದ್ದೀನ್ ಸಾಹೇಬರು, "ಕ್ಯಾ ಮೇಸ್ತ್ರಿ, ನೀವು ಅಳ್ಯೋದ್ರಲ್ಲಿ ನನ್ನ ಮರ ವಾಪಸ್ ಚಿಗುರ್ತದೆ" ಎಂದು ಗೇಲಿ ಮಾಡಿದರೂ, ತಮ್ಮ ಮನೆಯ ಬಾಗಿಲು ಕಿಟಕಿಗಳನ್ನು ಬೇರೆ ಯಾರಿಂದಲೂ ಮಾಡಿಸಿದವರಲ್ಲ.

ಐವತ್ತೇಳರ ಮಳೆಗಾಲದಲ್ಲಿ ಒಂದು ಸಂಗತಿ ನಡೆಯಿತು. ಕ್ರೈಸ್ತರ ಮೂವತ್ತು ಮನೆಗಳಿಗೆ ಹೂಳಲು ಇದ್ದ ಜಾಗ ಕೆರೆಯ ಕೋಡಿಯ ಕೆಳಗಿನ ಒಂದು ತುಂಡು ತಗ್ಗು ನೆಲ. ಆ ವರ್ಷ ಕೋಡಿ ಒಡೆದು ಬಂದ ಕೆಂಪು ನೀರು ಮಣ್ಣನ್ನು ಕೊರೆದುಕೊಂಡು ಹೋಯಿತು. ಎರಡು ಪೆಟ್ಟಿಗೆಗಳು ಮೇಲೆದ್ದು ಬೇಲಿಗೆ ಬಂದು ತಗುಲಿಕೊಂಡವು. ಒಂದರ ಮೂಲೆಯ ಜೋಡಣೆಯನ್ನು ದೂರದಿಂದಲೇ ಕಂಡು ಇನ್ನಾಸಪ್ಪನವರು ನಿಂತಲ್ಲೇ ನಿಂತರು. ಅದು ಅವರ ಕೈಯ ಕೆಲಸ, ಒಳಗಿದ್ದವಳು ಲೂರ್ದಮ್ಮ. ಆಗ ಮೊಣಕಾಲುದ್ದ ನೀರಿನಲ್ಲಿ ಇಳಿದುಬಂದು, ತಲೆಯ ರುಮಾಲು ತೆಗೆದು ಕೈಗೆ ಹಿಡಿದು, ತಮ್ಮ ಆಳುಗಳನ್ನೂ ಗಾಡಿಯನ್ನೂ ಕರೆಸಿ, ಪೆಟ್ಟಿಗೆಗಳನ್ನು ಮೇಲಕ್ಕೆ ಸಾಗಿಸಿ, ನೀರಿಳಿದ ಮೇಲೆ ಮತ್ತೆ ಹೂಳುವವರೆಗೂ ಜೊತೆಗೆ ನಿಂತವರು ಅಕ್ಕಿ ಗಿರಣಿಯ ಮರಿಮಲ್ಲಪ್ಪ. ಹೂಳಿದ್ದು ಮಾತ್ರ ಅದೇ ತಗ್ಗಿನಲ್ಲಿ, ಬೇರೆ ಜಾಗವಿರಲಿಲ್ಲ.

ಮರುವರ್ಷ ಪುರಸಭೆಯ ಚುನಾವಣೆ ಬಂತು. ಆ ವಾರ್ಡಿನಲ್ಲಿ ನಿಂತವರು ಇಬ್ಬರೇ: ಇದೇ ಮರಿಮಲ್ಲಪ್ಪ, ಮತ್ತು ತಾಲ್ಲೂಕು ಕಚೇರಿಯ ಮುಂದೆ ಕುಳಿತು ಬಡವರಿಗೆ ಅರ್ಜಿ ಬರೆದುಕೊಡುತ್ತಿದ್ದ ಹಳೆಯ ಮೇಷ್ಟರು ಲಿಂಗಯ್ಯ. ಮರಿಮಲ್ಲಪ್ಪ ಗುಡಿಯ ಅಂಗಳಕ್ಕೆ ಬಂದು, ಹರದನಹಳ್ಳಿಯ ರಸ್ತೆಯಲ್ಲಿ ಎತ್ತರದ ಜಾಗವೊಂದಿದೆ, ಗೆದ್ದರೆ ಅದನ್ನು ನಿಮ್ಮ ಸ್ಮಶಾನಕ್ಕೆ ಮಂಜೂರು ಮಾಡಿಸುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟರು. ಲಿಂಗಯ್ಯನವರು ಕೆರೆ ಬೀದಿಯಲ್ಲಿ ಭಾಷಣ ಮಾಡಿ, "ಸತ್ತ ಮೇಲೂ ಜಾತಿಗೊಂದು ಬೇಲಿ ಯಾಕ್ರೀ? ಊರಿಗೆಲ್ಲ ಒಂದೇ ಸ್ಮಶಾನ ಮಾಡಿಸ್ತೀನಿ" ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು, ಮಾತಿನ ಹುರುಪಿನಲ್ಲಿ, "ದೇವರು ಅಂತ ಒಬ್ಬ ಇದ್ದಿದ್ದರೆ ಹೆಣ ನೀರಲ್ಲಿ ತೇಲೋಕೆ ಬಿಡ್ತಿದ್ನೇ?" ಎಂದುಬಿಟ್ಟರು. ಗುಂಪಿನ ಹಿಂದೆ ಕೋಟಿನ ತೋಳಿನೊಳಗೆ ಕೈ ಹುದುಗಿಸಿ ನಿಂತಿದ್ದ ಇನ್ನಾಸಪ್ಪನವರಿಗೆ ಆ ಮಾತು ಎದೆಯ ಒಂದು ಜಾಗದಲ್ಲಿ ಚುಚ್ಚಿಕೊಂಡಿತು.

ಕ್ರೈಸ್ತರ ಓಟು ಒಟ್ಟು ಅರವತ್ತಮೂರು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ಚೌರಪ್ಪ ಸಭೆಯ ಪರವಾಗಿ ಬಂದು, "ಉಪದೇಶಿಗಳೇ, ನೀವ್ ಯಾರ್ಗ ಅಂತೀರೋ ಅವ್ರಿಗ. ಅರವತ್ಮೂರೂ ಒಂದೇ ಡಬ್ಬಕ್ಕ ಬೀಳ್ಬೇಕು" ಎಂದು ಹೇಳಿಹೋದ. ಯಾರಿಗೆ ಎಂಬುದರಲ್ಲಿ ಚೌರಪ್ಪನಿಗೆ ಅನುಮಾನವೇ ಇರಲಿಲ್ಲ. ಅನುಮಾನವಿದ್ದದ್ದು ಇನ್ನಾಸಪ್ಪನವರಿಗೆ, ಮತ್ತು ಅದರ ಕಾರಣ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಅವರು ಮರಿಮಲ್ಲಪ್ಪನ ಗಿರಣಿಯಲ್ಲಿ ಬಾಗಿಲಿನ ಚೌಕಟ್ಟು ಸರಿಮಾಡುತ್ತಿದ್ದಾಗ, ಕುದೇರಿನ ಮೂಗಯ್ಯನೆಂಬ ಕೂಲಿಯಾಳಿನ ಬಲಗೈ ಗಿರಣಿಯ ಬೆಲ್ಟಿಗೆ ಸಿಕ್ಕಿ ಮೊಣಕೈಯವರೆಗೆ ಹೋಗಿಬಿಟ್ಟಿತು. ಬೆಲ್ಟಿಗೆ ಹೊದಿಸಿರಬೇಕಾದ ತಗಡು ಕಿತ್ತುಹೋಗಿ ತಿಂಗಳಾಗಿತ್ತು. ಮೂಗಯ್ಯ ಕುಡಿದು ಬಂದಿದ್ದನೆಂದು ಮರಿಮಲ್ಲಪ್ಪ ಇಬ್ಬರು ಆಳುಗಳಿಂದ ಹೇಳಿಸಿ, ಅಪಘಾತದ ಕಾಗದದಲ್ಲಿಯೂ ಬರೆಸಿ, ಅವನ ಸಂಸಾರವನ್ನು ಗಿರಣಿಯ ಹಿಂದಿನ ಕೋಣೆಯಿಂದ ಬಿಡಿಸಿದರು. ಅವನು ಕುಡಿದಿರಲಿಲ್ಲ. ಬೆಳಗಿನಿಂದ ಇನ್ನಾಸಪ್ಪನವರ ಜೊತೆಯಲ್ಲೇ ಮಾತಾಡಿಕೊಂಡಿದ್ದ, ಅವರು ತಂದಿದ್ದ ಬುತ್ತಿಯಲ್ಲೇ ಪಾಲು ತಿಂದಿದ್ದ. ಆ ಸಂಜೆ ಮರಿಮಲ್ಲಪ್ಪ ಬಾಗಿಲ ಬಳಿ ಬಂದು, "ಮೇಸ್ತ್ರಿ, ನೀವು ಬಾಗ್ಲ ಕೆಲ್ಸದಲ್ಲಿದ್ರಿ. ಏನೂ ನೋಡ್ನಿಲ್ಲ, ಅಲ್ವಾ?" ಎಂದು ಕೇಳಿದಾಗ ಇನ್ನಾಸಪ್ಪನವರು ಎಂದಿನಂತೆ ಯೋಚನೆಗೆ ನಿಂತರು. ನೋಡಿದೆ ಎಂದು ಹೇಳಬೇಕೆಂದೇ ಇದ್ದರೇನೋ. ಹೇಗೆ ಹೇಳುವುದೆಂದು ಮಾತುಗಳನ್ನು ಹೊಂದಿಸಿಕೊಳ್ಳುತ್ತಿರುವಷ್ಟರಲ್ಲಿ ಮರಿಮಲ್ಲಪ್ಪ ಆ ಮೌನವನ್ನೇ ಒಪ್ಪಿಗೆಯೆಂದು ತೆಗೆದುಕೊಂಡು ಹೊರಟುಹೋದರು. ಆಮೇಲೆ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಮೂಗಯ್ಯನ ಪರವಾಗಿ ಒಂದು ಅರ್ಜಿ ಬರೆದವರು ಲಿಂಗಯ್ಯ ಒಬ್ಬರೇ. ಸಾಕ್ಷಿಯಿಲ್ಲದೆ ಅದು ಬಿದ್ದುಹೋಯಿತು.

ಹೀಗಾಗಿ ಅವರಿಗೆ ಯಾವ ಕಡೆಯಿಂದ ನೋಡಿದರೂ ಲೆಕ್ಕ ಸರಿಹೋಗುತ್ತಿರಲಿಲ್ಲ. ದೇವರಿಲ್ಲವೆನ್ನುವವನು ನ್ಯಾಯವಂತ, ಪೆಟ್ಟಿಗೆಯ ಮುಂದೆ ರುಮಾಲು ತೆಗೆದವನು ಒಬ್ಬನ ಬದುಕನ್ನು ಸುಳ್ಳಿನಿಂದ ಮುರಿದವನು. ಆ ತಿಂಗಳ ಪೂಜೆ ಮುಗಿದ ಮೇಲೆ ಸ್ವಾಮಿಯವರನ್ನು ಕೇಳಿದರು. ಸ್ವಾಮಿಯವರು ಹೊಸಬರು, ಚಿಕ್ಕ ವಯಸ್ಸಿನವರು. "ಒಳ್ಳೆಯವನನ್ನು ಆರಿಸಿ. ಧರ್ಮವನ್ನು ಗೌರವಿಸುವವನನ್ನು ಆರಿಸಿ" ಎಂದರು.

"ಎರಡೂ ಒಬ್ರಲ್ಲೇ ಇಲ್ವಲ್ಲ ಸ್ವಾಮಿ."

"ಹಾಗಿದ್ದರೆ ಯಾವುದು ಕಡಿಮೆ ಕೇಡೋ ಅದು."

"ಕೇಡ್ನ ಯಾವ ಕೋಲಲ್ಲಿ ಅಳ್ಯಾದು ಸ್ವಾಮಿ?"

ಮೈಸೂರಿನ ರೈಲಿಗೆ ಹೊತ್ತಾಗುತ್ತಿತ್ತು. ಸ್ವಾಮಿಯವರು ಅವರ ಹೆಗಲು ತಟ್ಟಿ, ಪ್ರಾರ್ಥನೆ ಮಾಡಿ, ಬೆಳಕು ಸಿಗುತ್ತದೆ ಎಂದು ಹೇಳಿ ಹೊರಟರು. ಇನ್ನಾಸಪ್ಪನವರು ಪ್ರಾರ್ಥನೆಯನ್ನು ಮಾಡಿದರು. ಬೆಳಕೇನೂ ಕಾಣಲಿಲ್ಲ. ಗೌಸ್ ಸಾಹೇಬರ ಮಂಡಿಗೆ ಹೋಗಿ ಕೇಳಿದರೆ, ಅವರು ಬೀಡಿಯ ಹೊಗೆ ಬಿಟ್ಟು, "ನಮ್ಮೋರು ಗೆಲ್ಲೋನ್ಗೆ ಹಾಕ್ತಾರೆ ಮೇಸ್ತ್ರಿ. ಸ್ವಲ್ಪ ಜನ ಇರೋರು ನಾವು. ಸೋತೋನ್ಗೆ ಹಾಕಿ ಗೆದ್ದೋನ್ ಎದ್ರಿಗೆ ಬಾಳೋಕಾಗ್ತದಾ?" ಎಂದರು. "ಅದು ಸರಿನಾ ಸಾಯ್ಬ್ರೆ?" ಎಂದದ್ದಕ್ಕೆ, "ಸರೀನಾ ತಪ್ಪಾ ಅಂತ ಕೇಳೋಕೆ ಮನೇಲಿ ನಮ್ಮ ಬೀಬಿ ಕರೀಮುನ್ನೀಸಾ ಇದಾಳೆ. ನೀವೂ ಶುರು ಮಾಡ್ಬೇಡಿ" ಎಂದು ನಕ್ಕರು. ಆ ನಗೆಯಲ್ಲಿ ಸಂತೋಷವಿರಲಿಲ್ಲ.

ಚುನಾವಣೆಗೆ ವಾರವಿದೆ ಎನ್ನುವಾಗ ಇನ್ನಾಸಪ್ಪನವರು ಕೋಟು ತೊಟ್ಟು ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದರು. ಮೂಗಯ್ಯನೂ ಅವನ ಹೆಂಡತಿ ಸುಂದ್ರಮ್ಮನೂ ಅಲ್ಲಿ, ಊಟಿಯ ಬಸ್ಸುಗಳು ನಿಲ್ಲುವ ಕಡೆ ಗೋಣಿ ಹಾಸಿಕೊಂಡು ಬಾಳೆಹಣ್ಣು ಸೀಬೆಹಣ್ಣು ಮಾರುತ್ತಿದ್ದರು. ಸುಂದ್ರಮ್ಮನ ತವರು ಬೇಗೂರು. ಹಣ್ಣು ಅಲ್ಲಿಂದ ಬರುತ್ತಿತ್ತು. ಮೂಗಯ್ಯ ಎಡಗೈಯಿಂದಲೇ ಗೋಣಿಯ ಒಂದು ತುದಿ ಕೊಡವಿ ಅವರನ್ನು ಕೂರಿಸಿದ. ಅದೂ ಇದೂ ಮಾತಾಡಿ, ಎರಡು ಬಸ್ಸು ಬಂದು ಹೋದ ಮೇಲೆ ಇನ್ನಾಸಪ್ಪನವರು ಬಾಯಿಬಿಟ್ಟರು.

"ಓಟಿನ ವಿಚಾರ ಕೇಳನ ಅಂತ ಬಂದೆ ಕಣಪ್ಪ."

"ನನ್ ಓಟು ಈಗ ಇಲ್ಲಿ ಅದ ಕಣಣ್ಣ, ನಿಮ್ಮೂರಲ್ಲಿಲ್ಲ."

"ನಿನ್ನದಲ್ಲ. ನನ್ನದು."

ಮೂಗಯ್ಯ ವಿಷಯವನ್ನೆಲ್ಲ ಕೇಳಿದ. ಆಮೇಲೆ, "ಮರಿಮಲ್ಲಪ್ಪಂಗೇ ಹಾಕ್ಬುಡಿ" ಎಂದ. "ಜಾಗ ಕೊಡ್ತೀನಿ ಅಂದವ್ನ ಅಂದ್ರ ಕೊಟ್ಟೇ ಕೊಡ್ತನ. ಲೂರ್ದಮ್ಮಕ್ಕ ನಂಗ ಎಷ್ಟ್ ದಿನ ಅನ್ನ ಇಕ್ಕವ್ಳ. ಅವ್ಳು ನೀರಲ್ಲಿ ಇರಾದು ಬ್ಯಾಡ."

ಇನ್ನಾಸಪ್ಪನವರಿಗೆ ಬೇಕಾದ ಉತ್ತರ ಇದೇ ಆಗಿತ್ತು. ಇಪ್ಪತ್ತೆರಡು ಮೈಲಿ ಬಂದದ್ದು ಬಹುಶಃ ಇದಕ್ಕಾಗಿಯೇ. ಆದರೆ ಅದು ಕೈಗೆ ಸಿಕ್ಕ ಮೇಲೆ ಹಿಡಿದುಕೊಳ್ಳಲು ಆಗಲಿಲ್ಲ. ಅಷ್ಟರಲ್ಲಿ, ಇವರ ಕಡೆ ಮುಖ ಮಾಡದೆ ಬಾಳೆಯ ಹಣ್ಣಾದ ಚಿಪ್ಪನ್ನೂ ಅರೆಮಾಗಿದ ದೋರೆ ಚಿಪ್ಪನ್ನೂ ಬೇರೆ ಮಾಡುತ್ತಿದ್ದ ಸುಂದ್ರಮ್ಮ ಹೇಳಿದಳು:

"ನಿಮ್ ಓಟ್ ತಕ್ಕಂಡು ನಾವೇನ್ ಮಾಡನಣ್ಣ? ಯಾರ್ಗಾರ ಹಾಕ್ಕಳಿ. ಅವತ್ತು ನೀವಲ್ಲೇ ಇದ್ರಿ. ಇವ್ರು ಕುಡ್ದಿರ್ನಿಲ್ಲ ಅಂತ ಒಂದ್ ಮಾತ ಯೋಳಿದ್ರ ಸಾಕಾಗಿತ್ತು. ಕೈ ಓಯ್ತು, ಓಗ್ಲಿ. ಕುಡುಕನ್ ಹೆಂಡ್ತಿ ಅಂತ ನನ್ ತವ್ರಲ್ಲೂ ಅಂತಾರ. ಮೂರೊರ್ಸ ಆಯ್ತು, ನಾ ಆ ಒಂದ್ ಮಾತ್ಗೇ ಕಾಯ್ತಾ ಕುಂತಿವ್ನಿ."

ಮೂಗಯ್ಯ, "ಸುಮ್ನಿರು ಕಣಮ್ಮಿ" ಎಂದ. ಅವಳು ಮತ್ತೆ ಚಿಪ್ಪುಗಳಿಗೆ ಕೈಹಾಕಿದಳು. ಹೊರಡುವಾಗ ನಾಲ್ಕು ಬಾಳೆಹಣ್ಣನ್ನು ಎಲೆಯಲ್ಲಿ ಸುತ್ತಿ ಅವರ ಕೈಗಿಟ್ಟವಳೂ ಅವಳೇ. ಬಸ್ಸಿನಲ್ಲಿ ಆ ಹಣ್ಣನ್ನು ತಿನ್ನುವುದೋ ಬಿಡುವುದೋ ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕುಳಿತ ಇನ್ನಾಸಪ್ಪನವರು, ಊರು ಬಂದಾಗ ಇಳಿಯುವುದನ್ನೇ ಮರೆತು ಕಂಡಕ್ಟರನಿಂದ ಬೈಸಿಕೊಂಡರು.

ಭಾನುವಾರ ಜಪ ಮುಗಿದ ಮೇಲೆ ಸಭೆ ಹಾಗೆಯೇ ಕುಳಿತಿತ್ತು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. ಅವರು ಪೀಠದ ಮೆಟ್ಟಿಲ ಬಳಿ ನಿಂತು, ಮೂರು ವರ್ಷದ ಹಿಂದೆ ಗಿರಣಿಯಲ್ಲಿ ತಾವು ಕಂಡದ್ದನ್ನು, ಆ ಸಂಜೆ ತಾವು ಹೇಳದೆ ಉಳಿದದ್ದನ್ನು, ತಡವರಿಸುತ್ತ, ಹಿಂದುಮುಂದಾಗಿ, ಒಂದು ಕಡೆ ದಿನವನ್ನೇ ತಪ್ಪು ಹೇಳಿ ಮತ್ತೆ ತಿದ್ದಿಕೊಂಡು, ಪೂರ್ತಿಯಾಗಿ ಹೇಳಿದರು. ಕೊನೆಗೆ ಚೌರಪ್ಪ ಎದ್ದ.

"ಇದ್ನ ಈಗ್ಯಾಕ್ ಯೋಳಿದ್ರಿ? ಮೂರೊರ್ಸ ಮಡೀಕಂಡಿದ್ದೋರು ಇನ್ ಮೂರ್ ದಿನ ಮಡೀಕಳಾಕ್ಕಾಗ್ನಿಲ್ವಾ? ನಮ್ಮವ್ವ, ನಿಮ್ಮನೆಯೋರು, ಎಲ್ರೂ ಆ ಕೆಸ್ರಲ್ಲಿ ಅವ್ರ!"

"ಗೊತ್ತು ಕಣಪ್ಪ."

"ಹಂಗಾರ ಲಿಂಗಯ್ಯಂಗಾ?"

"ಯಾರ್ಗೂ ಅಂತ ನಾ ಅನ್ನಾಕಿಲ್ಲ. ಕಂಡದ್ದ ಯೋಳ್ದೆ."

"ಉಪದೇಶಿ ಆಗಿ ಉಪದೇಶ್ವೇ ಮಾಡ್ನಿಲ್ಲ ಅಂದ್ರ ನೀವ್ಯಾಕ?" ಎಂದು ಚೌರಪ್ಪ ಹೊರಟುಹೋದ. ಅವನ ಹಿಂದೆ ಅರ್ಧ ಜನ ಎದ್ದರು. ಉಳಿದವರು ಏನು ಮಾಡಬೇಕೆಂದು ತೋಚದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಳಿತಿದ್ದರು. ಸತ್ಯ ಹೇಳಿದ ಮೇಲೆ ಎದೆ ಹಗುರವಾಗುತ್ತದೆಂದು ಮಕ್ಕಳಿಗೆ ವರ್ಷಗಟ್ಟಲೆ ಕಲಿಸಿದ್ದ ಇನ್ನಾಸಪ್ಪನವರಿಗೆ ಆ ಹಗುರ ಎಲ್ಲಿ ಹೋಯಿತೆಂದು ತಿಳಿಯಲಿಲ್ಲ.

ಮತ ಹಾಕುವ ದಿನ ಪ್ರೈಮರಿ ಸ್ಕೂಲಿನ ಮುಂದೆ ಉದ್ದನೆಯ ಸಾಲು. ಆ ಕಾಲದಲ್ಲಿ ಮುದ್ರೆ ಒತ್ತುವುದಿನ್ನೂ ಬಂದಿರಲಿಲ್ಲ; ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಗುರುತಿನ ಚಿತ್ರ. ಕೊಟ್ಟ ಚೀಟಿಯನ್ನು ಪರದೆಯ ಹಿಂದೆ ಒಯ್ದು ಬೇಕಾದವನ ಪೆಟ್ಟಿಗೆಯೊಳಗೆ ಹಾಕಿ ಬರಬೇಕು. ಮರಿಮಲ್ಲಪ್ಪನದು ಹೂವು, ಲಿಂಗಯ್ಯನದು ಏಣಿ. ಬೆರಳಿಗೆ ಮಸಿ ಹಚ್ಚಿಸಿಕೊಂಡು ಪರದೆಯ ಹಿಂದೆ ಹೋದ ಇನ್ನಾಸಪ್ಪನವರು ಅಲ್ಲಿಯೇ ನಿಂತರು. ಹೊರಗೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಅಧಿಕಾರಿ, "ಏನ್ರೀ, ಆಯ್ತೇ?" ಎಂದರು. ಕೈ ಏಣಿಯ ಪೆಟ್ಟಿಗೆಯವರೆಗೂ ಹೋಯಿತು. ಚೀಟಿಯ ಅಂಚು ಸೀಳಿನೊಳಗೆ ಇಳಿಯುವುದರಲ್ಲಿತ್ತು. ಆಗ ಅವರ ಕಣ್ಣಿಗೆ ಕೆಂಪು ನೀರು ಬಂತು, ಬೇಲಿಗೆ ತಗುಲಿ ಅಲುಗಾಡುತ್ತಿದ್ದ ಮರದ ಮೂಲೆ ಬಂತು. ಇನ್ನೊಮ್ಮೆ ಅಧಿಕಾರಿ ಕೂಗಿದರು. ಚೀಟಿ ಹೂವಿನ ಪೆಟ್ಟಿಗೆಯೊಳಗೆ ಬಿತ್ತು.

ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಡೆಯುವಾಗ, ಲಿಂಗಯ್ಯ ಗೆಲ್ಲಲಪ್ಪಾ ಎಂದು ತಾವು ಜಪಿಸುತ್ತಿರುವುದು ಅವರಿಗೇ ಕೇಳಿಸಿತು. ಬೆಚ್ಚಿಬಿದ್ದು, ಆ ಪ್ರಾರ್ಥನೆಯನ್ನು ನಿಲ್ಲಿಸುವುದೋ ಮುಂದುವರಿಸುವುದೋ ಗೊತ್ತಾಗದೆ ಶಾಲೆಯ ಬೇಲಿಯ ಬಳಿ ಬಹಳ ಹೊತ್ತು ನಿಂತಿದ್ದರು.

ಮರಿಮಲ್ಲಪ್ಪ ಒಂಬತ್ತು ಓಟಿನಿಂದ ಗೆದ್ದರು. ಉಪದೇಶಿಯ ಮಾತು ಕೇಳಿ ಗುಡಿಯ ಜನರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಏಣಿಗೆ ಹಾಕಿದ್ದರೆಂದು ಆಮೇಲೆ ತಿಳಿಯಿತು. ಅಂದರೆ, ಅವರ ಬಾಯಿಂದ ಸತ್ಯ ಕೇಳಿದವರು ಅದರಂತೆ ನಡೆದರು, ಹೇಳಿದವರು ನಡೆಯಲಿಲ್ಲ. ಇದನ್ನು ಯಾರಿಗಾದರೂ ಹೇಳಬೇಕಿತ್ತು. ಅವರು ಹೋದದ್ದು ಸೋತವರ ಮನೆಗೇ.

ಲಿಂಗಯ್ಯನವರು ಜಗುಲಿಯಲ್ಲಿ ಕುಳಿತು ಯಾರದೋ ಅರ್ಜಿ ಬರೆಯುತ್ತಿದ್ದರು. ಇನ್ನಾಸಪ್ಪನವರು ನಿಂತುಕೊಂಡೇ, "ಮೂಗಯ್ಯನ್ ವಿಚಾರ ನಾ ಸಾಕ್ಷಿ ಯೋಳ್ತೀನಿ, ಬರ್ಕಳಿ. ಅದ್ಕೂ ಮುಂಚ ಒಂದ್ ಮಾತು. ನಾ ನಿಮ್ಗ ಓಟ್ ಹಾಕ್ನಿಲ್ಲ" ಎಂದರು.

ಲಿಂಗಯ್ಯನವರು ಕನ್ನಡಕ ತೆಗೆದರು. "ಓಟು ಗುಟ್ಟು ಕಣ್ರೀ ಮೇಸ್ತ್ರಿ. ಸೋತವನ ಮನೆಗೆ ಬಂದು ಇದನ್ನ ಹೇಳೋ ಮನುಷ್ಯನನ್ನ ಇವತ್ತೇ ನಾನು ನೋಡಿದ್ದು. ಯಾಕೆ ಹೇಳಿದ್ರಿ?"

"ಯೋಳ್ದೆ ನಿಮ್ ಕೈಲಿ ಬರಸ್ಕಂಡ್ರ ಮೋಸ ಆಯ್ತದ."

ಲಿಂಗಯ್ಯನವರು ನಗಲು ಹೊರಟು ನಿಲ್ಲಿಸಿದರು. ಹೊಸ ಹಾಳೆ ತೆಗೆದುಕೊಂಡು, ತಲೆ ಎತ್ತದೆಯೇ, "ಆ ಪೆಟ್ಟಿಗೆ ತೇಲಿದ ಮಾತು ನಾನು ಆಡಬಾರದಿತ್ತು" ಎಂದರು. ಆಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ.

ಅರ್ಜಿ ಹೋಗಿ ಎಂಟು ತಿಂಗಳಿಗೆ ಮೈಸೂರಿನಿಂದ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ಮರಿಮಲ್ಲಪ್ಪ ಎದುರು ಬೆಂಚಿನಲ್ಲೇ ಕುಳಿತಿದ್ದರು. ಇನ್ನಾಸಪ್ಪನವರನ್ನು ಎರಡೆರಡು ಸಲ ಕೇಳಬೇಕಾಯಿತು, ಆದರೆ ಕೊನೆಗೆ ಹೇಳಿದರು: "ಕುಡ್ದಿರ್ನಿಲ್ಲ. ತಗಡು ಇರ್ನಿಲ್ಲ." ಅಷ್ಟು ಬರೆದುಕೊಂಡು ಅಧಿಕಾರಿ ಹಳೆಯ ಕಾಗದವನ್ನು ತಿದ್ದಿಸಿದರು. ಹೊರಗೆ ಬಂದಾಗ ಮರಿಮಲ್ಲಪ್ಪ ಅವರನ್ನು ತಡೆದು ನಿಲ್ಲಿಸಿ, "ಸ್ಮಶಾನದ ಜಾಗ ಮಂಜೂರಾಯ್ತು ಮೇಸ್ತ್ರಿ. ಗೇಟು ಯಾವಾಗ ಶುರು ಮಾಡ್ತೀರಿ?" ಎಂದರು. ಅದು ಕ್ಷಮೆಯೋ, ಚುಚ್ಚುಮಾತೋ, ಬರಿಯ ಕೆಲಸದ ಮಾತೋ ಇನ್ನಾಸಪ್ಪನವರಿಗೆ ತಿಳಿಯಲಿಲ್ಲ, ಬದುಕಿರುವವರೆಗೂ ತಿಳಿಯಲಿಲ್ಲ. ಗೇಟನ್ನು ಮಾತ್ರ ಮಾಡಿದರು. ಮೊದಲು ಚೌರಪ್ಪನ ತಾಯಿಯನ್ನು, ಆಮೇಲೆ ಕೇಳಿಕೊಂಡವರ ಮನೆಯವರನ್ನೆಲ್ಲ, ಕಡೆಯಲ್ಲಿ ಲೂರ್ದಮ್ಮನನ್ನು ಆ ಎತ್ತರದ ನೆಲಕ್ಕೆ ತಂದರು. ತಿದ್ದಿದ ಕಾಗದದ ನಕಲು ಕೈಸೇರಿದ ಮೇಲೆ ಗುಂಡ್ಲುಪೇಟೆಯಿಂದ ಸುಂದ್ರಮ್ಮ ಬಸ್ಸಿನವನ ಬಾಯಲ್ಲಿ ಹೇಳಿ ಕಳಿಸಿದ್ದು ಎರಡೇ ಮಾತು: "ತವ್ರಲ್ಲಿ ಓದ್ಸಿ ಕೇಳಿಸ್ದೆ ಅನ್ನು."

ಓಟು ಹಾಕಿದ್ದು ಪಾಪವೇ ಎಂದು ಅವರು ಪಾಪನಿವೇದನೆಯಲ್ಲಿ ಕೇಳಿದರಂತೆ, ಅಲ್ಲವೆಂದರಂತೆ ಸ್ವಾಮಿಯವರು, ಇವರಿಗೆ ತೃಪ್ತಿಯಾಗದೆ ಮುಂದಿನ ತಿಂಗಳು ಮತ್ತೆ ಕೇಳಿದರಂತೆ.

ಇಂಥವರನ್ನು ಯಾವ ಪಕ್ಷವೂ ನೆಚ್ಚಿಕೊಳ್ಳುವುದಿಲ್ಲ, ನೆಚ್ಚಿಕೊಳ್ಳಲೂ ಬಾರದು. ಇವರ ತಡದಿಂದ ಇನ್ನೊಬ್ಬರು ಮೂರು ವರ್ಷ ಗೋಣಿಯ ಮೇಲೆ ಕುಳಿತು ಕಾಯಬೇಕಾಗುತ್ತದೆ. ಅದನ್ನು ಸಾಧುತನವೆಂದು ಹೊಗಳುವುದು ಕಾದವರಿಗೆ ಮಾಡುವ ಅನ್ಯಾಯ. ನಮ್ಮಲ್ಲಿ ಹೆಚ್ಚಿನವರು ಇವರಿಗಿಂತ ಬೇಗ ನಿರ್ಧರಿಸುತ್ತೇವೆ. ಬೇಕಾದವನಿಗೆ ಓಟು ಹಾಕಿ, ಮನೆಗೆ ಬಂದು ಕಾಲು ತೊಳೆಯುವ ಹೊತ್ತಿಗೆ ಅವನಲ್ಲಿ ನಾಲ್ಕು ಒಳ್ಳೆಯ ಗುಣಗಳನ್ನು ಕಂಡುಕೊಂಡು, ಅವನು ಕೆಡಿಸಿದ ಮನೆಯನ್ನು ಮರೆತು ಊಟಕ್ಕೆ ಕೂರುತ್ತೇವೆ. ಇನ್ನಾಸಪ್ಪನವರಂಥವರು ತಪ್ಪನ್ನು ನಮ್ಮಷ್ಟೇ ಮಾಡುತ್ತಾರೆ. ಮಾಡಿದ ಮೇಲೆ ಅದಕ್ಕೆ ಬೇರೊಂದು ಹೆಸರಿಡಲು ಮಾತ್ರ ಅವರಿಗೆ ಬರುವುದಿಲ್ಲ.